ಅಣ್ಣನ ಎತ್ತರದ ಸೀಟು

ಸೈಕಲ್ಲನ್ನು ಮುಂದಿನಿಂದ ಬಲ್ಲವರು ಊರು ತುಂಬ ಇದ್ದಾರೆ. ಹಿಂದಿನಿಂದ ಬಲ್ಲವನು ಅವನೊಬ್ಬನೇ. ಅಣ್ಣ ತುಳಿಯುತ್ತಿದ್ದ, ಅವನು ಕ್ಯಾರಿಯರಿನ ಮೇಲೆ ಕೂರುತ್ತಿದ್ದ. ಬೆಳಿಗ್ಗೆ ಕಾರ್ಖಾನೆಗೆ ಹೋಗುವಾಗ, ಸಂಜೆ ಕೋಣೆಗೆ ಬರುವಾಗ ಅವನ ಕಣ್ಣೆದುರಿನ ಪ್ರಪಂಚವೆಂದರೆ ಅಣ್ಣನ ಬೆನ್ನು. ಆ ಅಂಗಿಯ ಮೇಲೆ ಬೆವರು ಎಲ್ಲಿಯವರೆಗೆ ಇಳಿದಿದೆ ಎಂದು ನೋಡಿಯೇ ಏರು ರಸ್ತೆ ಇನ್ನೆಷ್ಟು ಬಾಕಿಯಿದೆ ಎಂದು ಹೇಳಬಲ್ಲವನಾಗಿದ್ದ. ರಸ್ತೆ ಮಾತ್ರ ಅವನಿಗೆ ತಡವಾಗಿ ತಿಳಿಯುತ್ತಿತ್ತು. ಗುಂಡಿ ಬಂದದ್ದು ಗೊತ್ತಾಗುತ್ತಿದ್ದದ್ದು ಅದು ದಾಟಿದ ಮೇಲೆ, ಅದೂ ಕಣ್ಣಿಗಲ್ಲ.

ಕಾರ್ಖಾನೆಯಲ್ಲಿ ಅವನನ್ನು ಬಾಲ ಎಂದೇ ಕರೆಯುತ್ತಿದ್ದರು. ಅಣ್ಣನ ಬಾಲ ಎಂಬುದು ಪೂರ್ತಿ ಹೆಸರು, ಬಾಯಿಗೆ ಉದ್ದವಾಯಿತೆಂದು ಮುಂದಿನದನ್ನು ಕತ್ತರಿಸಿದ್ದರು. ಅದು ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆ. ಅಣ್ಣ ಅಲ್ಲಿ ಕತ್ತರಿಸುವ ದೊಡ್ಡ ಯಂತ್ರದ ಮೇಲಿದ್ದ. ಆ ಯಂತ್ರ ಅಣ್ಣನ ಕೈಗಲ್ಲದೆ ಬೇರೆಯವರ ಕೈಗೆ ಮಣಿಯುತ್ತಿರಲಿಲ್ಲ. ಬಾಲನ ಕೆಲಸ ಹೊಲಿಗೆ ಮುಗಿದ ಪೆಟ್ಟಿಗೆಗಳ ಮೇಲೆ ಬಾಣದ ಗುರುತು ಹಾಕಿ 'ಈ ಕಡೆ ಮೇಲೆ' ಎಂದು ಮುದ್ರೆ ಒತ್ತುವುದು. ಪ್ರಪಂಚಕ್ಕೆಲ್ಲ ಮೇಲು ಯಾವುದು ಕೆಳಗು ಯಾವುದು ಎಂದು ಹೇಳಿಕೊಡುವ ಜವಾಬ್ದಾರಿ ತನ್ನದು ಎಂದು ಅವನೇ ಆಗಾಗ ತನ್ನನ್ನು ಹಾಸ್ಯ ಮಾಡಿಕೊಳ್ಳುತ್ತಿದ್ದ. ತನ್ನ ಮೇಲೆ ಮಾತ್ರ ಯಾರೂ ಆ ಮುದ್ರೆ ಒತ್ತಿರಲಿಲ್ಲ.

ಅಪ್ಪ ಅಮ್ಮ ಇಬ್ಬರೂ ಗೋಡೆಯ ಫೋಟೋ ಸೇರಿ ವರ್ಷಗಳಾಗಿದ್ದವು. ಆ ಫೋಟೋಗಳ ಕೆಳಗೆ ಎರಡು ಚಾಪೆ, ಒಂದು ಸ್ಟವ್ವು, ಒಂದು ಸೈಕಲ್ಲು. ಸಂಸಾರವೆಂದರೆ ಇಷ್ಟೇ. ಆಮೇಲೆ ಆ ಕತ್ತರಿಸುವ ಯಂತ್ರವನ್ನು ಮಾರುವ ಕಂಪನಿಯವರೇ ಅಣ್ಣನನ್ನು ಬೇರೆ ಊರಿಗೆ ಕರೆಸಿಕೊಂಡರು. ಕೆಲಸ ಹತ್ತಿತು, ಕೆಲಸದ ಹಿಂದೆಯೇ ಸ್ಕೂಟರ್ ಬಂತು, ಸ್ಕೂಟರಿನ ಹಿಂದೆ ಅತ್ತಿಗೆ ಬಂದು ಕೂತಳು. ಇದರಲ್ಲಿ ತಪ್ಪು ಹುಡುಕಲು ಯಾರಿಂದಲೂ ಆಗದು. ಬಾಲನೂ ಹುಡುಕಲಿಲ್ಲ. ಮದುವೆಯಲ್ಲಿ ಎಲ್ಲರಿಗಿಂತ ಹೆಚ್ಚು ಓಡಾಡಿದವನು ಅವನೇ. ವಾಪಸು ಬಂದು ಕೋಣೆಯ ಬಾಗಿಲು ತೆಗೆದಾಗ ಗೋಡೆಯ ಮೇಲಿದ್ದ ಹಲ್ಲಿಯೊಂದು ಬೆಚ್ಚಿ ಓಡಿತು. ಅದರ ಬಾಲ ಮಾತ್ರ ಕೆಳಗೆ ಬಿದ್ದು ಒಂದಷ್ಟು ಹೊತ್ತು ಕುಣಿಯಿತು. ಅವನು ಪೊರಕೆ ಹಿಡಿದು ನಿಂತು, ಅದು ಸುಮ್ಮನಾಗುವವರೆಗೂ ಕಾದ. ಅದಕ್ಕೆ ತಾನೇ ಪೊರಕೆ ಹಾಕುವುದು ಒಂದು ಥರ ಸರಿಯಲ್ಲ ಎನಿಸಿತ್ತು.

ಸೈಕಲ್ಲು ಮೆಟ್ಟಿಲ ಕೆಳಗೆ ನಿಂತಿತು. ಅಪ್ಪನ ಕಾಲದ ಕರಿ ಸೈಕಲ್ಲು ಅದು. ಕಬ್ಬಿಣದ ಕಡ್ಡಿಗಳ ಬ್ರೇಕು, ಸರಪಳಿಯನ್ನು ಪೂರ್ತಿ ಮುಚ್ಚುವ ತಗಡಿನ ಡಬ್ಬ, ಸ್ಪ್ರಿಂಗುಗಳ ಮೇಲೆ ಕೂತ ಚರ್ಮದ ಸೀಟು. ನಿಂತಲ್ಲೇ ಗಾಳಿ ಇಳಿಯಿತು. ಗಾಳಿ ಇಳಿದ ಟೈರಿನ ಮೇಲೆ ಭಾರ ಬಿದ್ದು ರಬ್ಬರು ಒಣ ಕೆರೆಯ ತಳದಂತೆ ಬಿರಿಯಿತು. ಬಾಲ ನಡೆದೇ ಕೆಲಸಕ್ಕೆ ಹೋಗತೊಡಗಿದ. ಕುದುರೆ ಕಂಡರೆ ಕಾಲುನೋವು ಎನ್ನುತ್ತಾರೆ. ಇವನದು ಉಲ್ಟಾ ಕಥೆ. ಸೈಕಲ್ಲು ಕಂಡರೆ ನಡೆಯುವ ಉತ್ಸಾಹ ಬರುತ್ತಿತ್ತು, ಬೇಗ ಬೇಗ ದಾಟಿಬಿಡುತ್ತಿದ್ದ.

ಹೀಗಿರುವಾಗ ಅಣ್ಣ ಫೋನು ಮಾಡಿದ. ಮುಂದಿನ ತಿಂಗಳು ನಿಮ್ಮ ಕಾರ್ಖಾನೆಗೇ ಬರುವುದಿದೆ, ಆ ಹಳೆ ಯಂತ್ರದ ಸರ್ವೀಸಿಗೆ ಎಂದ. ಊಟ, ಬಾಡಿಗೆ, ನೆಗಡಿ ಎಲ್ಲ ವಿಚಾರಿಸಿ, ಇಡುವ ಮುಂಚೆ ಇನ್ನೊಂದು ಮಾತು ಸೇರಿಸಿದ.

"ಸೈಕಲ್ ರೆಡಿ ಮಾಡ್ಸಿಡೋ. ಬಂದಾಗ ಒಂದು ರೌಂಡ್ ಹೋಗೋಣ."

ಆ ಮಾತು ನಾಲಗೆಯಿಂದ ಬಂತೋ ಮನಸ್ಸಿನಿಂದ ಬಂತೋ ಬಾಲ ವಿಚಾರಿಸಲಿಲ್ಲ. ವಿಚಾರಿಸಿದರೆ ಎಲ್ಲಿ ನಾಲಗೆಯಿಂದಲೇ ಎಂದು ತಿಳಿದುಬಿಡುತ್ತದೋ ಎಂಬ ಭಯ. ಅಣ್ಣ ಮುಂದೆ, ತಾನು ಹಿಂದೆ, ಕೋಣೆಯಿಂದ ಕಾರ್ಖಾನೆಯ ಗೇಟಿನವರೆಗೆ ಒಂದೇ ಒಂದು ಸಲ. ಅವನಿಗೆ ಬೇಕಾದದ್ದು ಅಷ್ಟೇ. ಮರುದಿನವೇ ಟೈರಿನ ಬೇಟೆಗೆ ಇಳಿದ.

ಮೊದಲ ಹೆಜ್ಜೆಯಲ್ಲೇ ಎಡವಿದ. ಕಾಲ ಬದಲಾಗಿದೆ, ಅಂಗಡಿ ಅಲೆಯುವವರು ಮುದುಕರು ಎಂದುಕೊಂಡು ಫೋನಿನಲ್ಲೇ ಟೈರು ತರಿಸಿದ. ಸೈಕಲ್ಲಿನದು ಇಪ್ಪತ್ತೆಂಟರ ಚಕ್ರ ಎಂದು ಅಣ್ಣ ಹೇಳುತ್ತಿದ್ದದ್ದು ನೆನಪಿತ್ತು. ಇಪ್ಪತ್ತೆಂಟು ಎಂದು ಒತ್ತಿದ, ಇಪ್ಪತ್ತೆಂಟು ಎಂದೇ ಬರೆದ ಟೈರು ಬಂತು. ಅದನ್ನು ಹಾರದಂತೆ ಹೆಗಲಿಗೆ ಹಾಕಿಕೊಂಡು, ಸೈಕಲ್ಲು ತಳ್ಳಿಕೊಂಡು ಗಾಳಿಮಾವನ ಅಂಗಡಿಗೆ ಹೋದ.

ಗಾಳಿಮಾವ ಎಂದರೆ ಬೀದಿಯ ತಿರುವಿನ ಸೈಕಲ್ ರಿಪೇರಿಯವನು. ಟ್ಯೂಬಿಗೆ ತುಂಬಿ ಮಿಕ್ಕ ಗಾಳಿಯನ್ನೆಲ್ಲ ಮಾತಿಗೆ ತುಂಬುತ್ತಿದ್ದ. ಎಲ್ಲರೂ ಮಾವ ಎನ್ನುತ್ತಿದ್ದರಿಂದ ಅವನೂ ಎಲ್ಲರನ್ನೂ ಅಳಿಯ ಎನ್ನುತ್ತಿದ್ದ. ಹೆಣ್ಣುಮಕ್ಕಳಿಲ್ಲದ ಧೈರ್ಯ. ಟೈರು ನೋಡಿ, ತಿರುಗಿಸಿ, ಮೂಸಿ, ಫಸ್ಟ್ ಕ್ಲಾಸ್ ಮಾಲು ಎಂದು ತೀರ್ಪು ಕೊಟ್ಟು ರಿಮ್ಮಿಗೆ ಹತ್ತಿಸಲು ಕೂತ. ಅರ್ಧ ಹತ್ತಿತು, ಉಳಿದರ್ಧ ಹತ್ತಲಿಲ್ಲ. ಈ ಕಡೆ ಒತ್ತಿದರೆ ಆ ಕಡೆ ಎದ್ದಿತು. ಬಾಲ ಮಂಡಿಯೂರಿ ಹಿಡಿದ, ಮಾವ ಲಿವರು ಹಾಕಿ ಎಳೆದ. ಹೊಸದಲ್ಲವೇ, ಬಿಗುಮಾನ ಇರುತ್ತದೆ, ಹತ್ತುತ್ತದೆ ಎಂದು ಸಮಾಧಾನ ಹೇಳುತ್ತಲೇ ಇದ್ದ. ಲಿವರು ಜಾರಿ ಅವನ ಹೆಬ್ಬೆರಳಿಗೆ ಹೊಡೆದ ಮೇಲೆ, ಆ ಬೆರಳನ್ನು ಬಾಯಲ್ಲಿಟ್ಟುಕೊಂಡೇ, ರಿಮ್ಮಿನಿಂದ ಬಿಚ್ಚಿಟ್ಟಿದ್ದ ಹಳೆಯ ಟೈರನ್ನು ಇದರ ಮೇಲಿಟ್ಟು ನೋಡಿದ. ಹೊಸದು ಒಂದು ಉಗುರಿನಷ್ಟು ಚಿಕ್ಕದಿತ್ತು.

"ಇಪ್ಪತ್ತೆಂಟರಲ್ಲಿ ಎರಡಿದೆ ಅಳಿಯ," ಎಂದ, ಈಗ ತಾನೇ ಆಕಾಶವಾಣಿ ಕೇಳಿಸಿದವನಂತೆ. "ಇದು ಈಗಿನ ಹುಡುಗ್ರ ಸಪೂರ ಸೈಕಲ್ಲಿಂದು. ನಿಂದು ಹಳೇ ಇಪ್ಪತ್ತೆಂಟು, ಒಂದೂವರೆ ಇಂಚಿಂದು."

"ಮೊದ್ಲೇ ಹೇಳ್ಬಾರ್ದಿತ್ತಾ ಮಾವ?"

"ಮೊದ್ಲೇ ಗೊತ್ತಿದ್ರೆ ಹೇಳ್ತಿರ್ಲಿಲ್ವಾ?"

ಆ ಟೈರು ಕೋಣೆಯ ಮೊಳೆಗೆ ನೇತುಬಿದ್ದು ಅಪ್ಪ ಅಮ್ಮನ ಜೊತೆ ಮೂರನೆಯ ಫೋಟೋ ಚೌಕಟ್ಟಾಯಿತು. ಒಳಗೆ ಫೋಟೋ ಇಲ್ಲ, ಸುಣ್ಣದ ಗೋಡೆ ಮಾತ್ರ.

ಸರಿಯಾದ ಗಾತ್ರದ್ದು ಸಿಕ್ಕಿದ್ದು ಹಳೆ ಪೇಟೆಯ ಒಂದು ಬಿಡಿಭಾಗಗಳ ಅಂಗಡಿಯಲ್ಲಿ. ಅಂಗಡಿಯವನು ಅಟ್ಟದಿಂದ ಎರಡು ಜೊತೆ ಇಳಿಸಿ ಧೂಳು ಕೊಡವಿದ. ಒಂದರ ಪಕ್ಕೆ ಕೆನೆ ಬಣ್ಣ, ನೋಡಿದರೆ ಕಣ್ಣು ಕೀಳಲಾಗದಷ್ಟು ಚಂದ, ಹಳೆ ಕರಿ ಸೈಕಲ್ಲಿಗೆ ಹಾಕಿದರೆ ಮುದುಕ ಮದುಮಗನಿಗೆ ಬಿಳಿ ಪಂಚೆ ಉಡಿಸಿದ ಹಾಗೆ. ಇನ್ನೊಂದು ಪೂರ್ತಿ ಕಪ್ಪು, ದಪ್ಪ ಚರ್ಮ, ಪಕ್ಕೆಯ ಮೇಲೆ ಸುತ್ತಲೂ ಸಣ್ಣ ಸಣ್ಣ ಗೆರೆಗಳ ಪಟ್ಟಿ. ಅದು ಯಾಕೆಂದು ಕೇಳಿದ.

ಡೈನಮೋ ಉರುಳೋದಕ್ಕೆ, ಈಗ ಯಾರು ಹಾಕಿಸ್ತಾರೆ ಎಂದ ಅಂಗಡಿಯವನು.

ಬಾಲನ ಕೈ ಆ ಗೆರೆಗಳ ಮೇಲೆಯೇ ನಿಂತಿತು. ಅವರ ಸೈಕಲ್ಲಿನ ದೀಪ ಉರಿಸುವ ಡೈನಮೋ ಹಿಂದಿನ ಚಕ್ರಕ್ಕೆ, ಅವನ ಎಡಗಾಲಿನ ಪಕ್ಕದಲ್ಲೇ ಇತ್ತು. ಮಬ್ಬುಗತ್ತಲಾಗುತ್ತಲೇ ಅಣ್ಣ ತಿರುಗದೆಯೇ ಹೇಳುತ್ತಿದ್ದ, ಅವನು ಕಾಲಿನಿಂದ ಅದನ್ನು ತಟ್ಟಿ ಟೈರಿಗೆ ಒರಗಿಸುತ್ತಿದ್ದ. ಜೇನುಹುಳ ಡಬ್ಬಿಯಲ್ಲಿ ಸಿಕ್ಕಿದಂತೆ ಗುಂಯ್ ಎಂದು ಶುರುವಾಗುತ್ತಿತ್ತು. ಇಳಿಜಾರಿನಲ್ಲಿ ಸಣ್ಣಗೆ ಕೂಗುತ್ತಿತ್ತು, ಏರಿನಲ್ಲಿ ಗೊಣಗುತ್ತಿತ್ತು. ಅಣ್ಣನಿಗೆ ದಣಿವಾಗಿದೆಯೋ ಇಲ್ಲವೋ ಅವನು ಆ ಸದ್ದಿನಲ್ಲೇ ತಿಳಿಯುತ್ತಿದ್ದ. ಅವರಿಬ್ಬರ ನಡುವೆ ನಡೆದ ಮಾತುಕತೆಯಲ್ಲಿ ಮುಕ್ಕಾಲು ಪಾಲು ಡೈನಮೋ ಆಡಿದ್ದು.

ಕೆನೆ ಪಕ್ಕೆಯ ಟೈರು ಅಟ್ಟಕ್ಕೆ ವಾಪಸಾಯಿತು.

ಮಿಕ್ಕ ಸಾಮಾನು ಆರಿಸುವಾಗಲೂ ಅದೇ ಕಥೆ. ಗಾಳಿಮಾವ ಮುಂದಿನ ಬುಟ್ಟಿ ತೋರಿಸಿದ, ಕನ್ನಡಿ ತೋರಿಸಿದ, ಹ್ಯಾಂಡಲ್ಲಿಗೆ ಹಿಡಿ ತೋರಿಸಿದ. ಬಾಲ ಅವುಗಳ ಕಡೆ ಪರರ ಮಗುವನ್ನು ನೋಡಿದ ಹಾಗೆ ನೋಡಿ ತಲೆಯಾಡಿಸಿದ. ಬೆಲ್ಲು ಎಡಕ್ಕಿರಬೇಕೋ ಬಲಕ್ಕಿರಬೇಕೋ ಎಂದರೆ ಅವನಿಗೆ ಗೊತ್ತಿಲ್ಲ, ಅದನ್ನು ಅವನು ಕೇಳಿದ್ದನೇ ಹೊರತು ನೋಡಿದ್ದು ಕಡಿಮೆ. ಹಿಂದಿನ ಮಡ್‌ಗಾರ್ಡಿನ ವಿಷಯ ಬಂದಾಗ ಮಾತ್ರ ತಜ್ಞನಾದ. ಉದ್ದ ಇರಲಿ, ತುದಿಗೆ ರಬ್ಬರ್ ಹಾಳೆ ಇರಲಿ, ಇಲ್ಲದಿದ್ದರೆ ಬೆನ್ನಿಗೆ ಕೆಸರು ಎಂದ. ಹಿಂದಿನ ಚಕ್ರದ ಎರಡೂ ಕಡೆ ಕಾಲಿಡುವ ಕಡ್ಡಿ ಬೇಕೆಂದ. ಕಡೆಗೆ ಕ್ಯಾರಿಯರಿಗೆ ಒಂದು ಮೆತ್ತೆ ಕೇಳಿದ, ದಪ್ಪದ್ದು, ಬೆಲ್ಟು ಹಾಕಿ ಬಿಗಿಯುವಂಥದ್ದು.

ಮಾವ ಸ್ಪ್ಯಾನರು ಕೆಳಗಿಟ್ಟ.

"ಯಾರಪ್ಪಾ ಹುಡುಗಿ?"

ಹುಡುಗಿ ಇಲ್ಲ ಮಾವ, ನನಗೇ ಎಂದು ಹೇಳಿದರೆ ಮುಗಿಯುತ್ತಿತ್ತು. ಆದರೆ ಇಪ್ಪತ್ತಾರು ತುಂಬಿದ ಗಂಡಸು, ಸಂಬಳ ತರುವವನು, ತನ್ನ ಸೈಕಲ್ಲಿನ ಹಿಂದೆ ತಾನೇ ಕೂರಲು ಮೆತ್ತೆ ಹೊಲಿಸುತ್ತಿದ್ದೇನೆ ಎಂದು ಹೇಗೆ ಹೇಳುವುದು? ಅದಕ್ಕಿಂತ ಹುಡುಗಿ ಇದ್ದಾಳೆ ಎಂಬುದೇ ಮರ್ಯಾದೆ. ಇವನು ನೆಲ ನೋಡಿ ನಕ್ಕ. ಮಾವ ಅದನ್ನು ನಾಚಿಕೆ ಎಂದು ತಿಳಿದು ಸಂಜೆಯೊಳಗೆ ಬೀದಿಗೆಲ್ಲ ಹಂಚಿದ.

ಎಲ್ಲ ಮುಗಿದ ಮೇಲೆ ಸೀಟು ಉಳಿಯಿತು. ಅದು ಅಣ್ಣನ ಎತ್ತರಕ್ಕಿತ್ತು. ಅಣ್ಣ ಬಾಗಿಲ ಚೌಕಟ್ಟಿಗೆ ಹಣೆ ತಗ್ಗಿಸುವ ಆಳು, ಬಾಲ ಅದೇ ಬಾಗಿಲಲ್ಲಿ ಹಾರಿದರೂ ತಲೆ ತಗಲದವನು. ಸೀಟಿನ ಕಂಬದ ಮೇಲೆ, ಅದು ಕೊಳವೆಯೊಳಕ್ಕೆ ಇಳಿಯುವ ಜಾಗದಲ್ಲಿ, ಒಂದು ತುಕ್ಕಿನ ಗೆರೆ ಉಂಗುರದಂತೆ ಕೂತಿತ್ತು. ಮಾವ ಸೀಮೆಎಣ್ಣೆ ಹಾಕಿ ಉಜ್ಜಿದ್ದ, ತುಕ್ಕು ಹೋಗಿತ್ತು, ಗೆರೆ ಹೋಗಿರಲಿಲ್ಲ. ಇಳಿಸಿಕೊಡ್ತೀನಿ, ಇಷ್ಟೆತ್ತರದಲ್ಲಿ ನಿನಗೆ ಪೆಡಲ್ ಕನಸಲ್ಲೂ ಸಿಗೋದಿಲ್ಲ ಎಂದು ಮಾವ ಸ್ಪ್ಯಾನರು ಎತ್ತಿದ. ಬಾಲ ಅವನ ಕೈ ಹಿಡಿದ.

"ಹಾಗೇ ಇರ್ಲಿ ಮಾವ. ಅಣ್ಣ ಬರ್ತಾನೆ."

ಮಾವ ಅವನ ಮುಖ ನೋಡಿದ, ಮೆತ್ತೆ ನೋಡಿದ, ಏನೋ ಹೇಳಲು ಬಾಯಿ ತೆರೆದ. ಆಮೇಲೆ ಸ್ಪ್ಯಾನರನ್ನು ಡಬ್ಬಕ್ಕೆ ಹಾಕಿದ.

ಅಣ್ಣ ಬರುವವರೆಗೆ ಸೈಕಲ್ಲು ಸುಮ್ಮನೆ ನಿಲ್ಲಬಾರದು, ನಿಂತರೆ ಮತ್ತೆ ಗಾಳಿ ಇಳಿಯುತ್ತದೆ. ಅದಕ್ಕೆ ಬಾಲ ಅದನ್ನು ದಿನಾ ಕೆಲಸಕ್ಕೆ ತಂದ. ಮೊದಲ ದಿನ ಕೋಣೆಯ ಮೆಟ್ಟಿಲ ಮೇಲಿಂದ ಸೀಟು ಹತ್ತಿ, ಹೆಬ್ಬೆರಳ ತುದಿಯಿಂದ ಪೆಡಲ್ಲನ್ನು ಕೆಣಕುತ್ತ ಕ್ಷೌರದಂಗಡಿಯವರೆಗೆ ಹೋದ. ಅಲ್ಲಿ ನಿಲ್ಲಿಸಬೇಕಾಗಿ ಬಂತು. ಇಳಿಯಲು ನೆಲ ಸಿಗದೆ, ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದವರ ಕಣ್ಣೆದುರೇ ಮರ ಉರುಳಿದಂತೆ ನಿಧಾನವಾಗಿ ಒಂದು ಪಕ್ಕಕ್ಕೆ ಒರಗಿದ. ಅಲ್ಲಿಂದ ಮುಂದೆ ತಳ್ಳಿಕೊಂಡೇ ಓಡಾಡಿದ. ಹೊಸ ಟೈರು, ಹೊಳೆಯುವ ಮಡ್‌ಗಾರ್ಡು, ಮೆತ್ತೆ ಬಿಗಿದ ಕ್ಯಾರಿಯರು, ಪಕ್ಕದಲ್ಲಿ ನಡೆಯುತ್ತಿರುವ ಸವಾರ.

ಗೋಂದಿನ ಯಂತ್ರದ ಮೇಲೆ ಕೆಲಸ ಮಾಡುವ ಹಿರಿಯ ಹೆಂಗಸನ್ನು ಎಲ್ಲರೂ ಗೋಂದಕ್ಕ ಎನ್ನುತ್ತಿದ್ದರು. ಹಿಡಿದದ್ದನ್ನು ಬಿಡುವ ಜಾತಿಯಲ್ಲ. ಗೇಟಿನಲ್ಲೇ ನಿಲ್ಲಿಸಿದಳು.

"ಅಲ್ಲಯ್ಯ ಬಾಲ, ಸೈಕಲ್ ನಿನ್ನ ಕರ್ಕೊಂಡು ಬರುತ್ತೋ, ನೀನು ಸೈಕಲ್ಲನ್ನ ಕರ್ಕೊಂಡು ಬರ್ತೀಯೋ?"

"ಅದಕ್ಕಿನ್ನೂ ದಾರಿ ಗೊತ್ತಿಲ್ಲ ಅಕ್ಕ."

ಅವಳು ಮೆತ್ತೆಯನ್ನು ಎರಡು ಬೆರಳಿಂದ ಒತ್ತಿ ನೋಡಿದಳು. ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದ್ದಾನೆ ನೋಡಿ ಎಂದು ಹಿಂದೆ ಬರುತ್ತಿದ್ದವರಿಗೆಲ್ಲ ತೋರಿಸಿದಳು. ಎಲ್ಲರೂ ನಕ್ಕರು. ಬಾಲನೂ ನಕ್ಕ, ಎಲ್ಲರಿಗಿಂತ ಮೊದಲು. ತನ್ನ ಬಗ್ಗೆ ತಾನೇ ಮೊದಲು ನಕ್ಕರೆ ಉಳಿದವರಿಗೆ ಎಂಜಲು ನಗು ಮಾತ್ರ ಉಳಿಯುತ್ತದೆ ಎಂಬುದು ಅವನು ಕಂಡುಕೊಂಡ ಉಪಾಯ. ಮಧ್ಯಾಹ್ನ ಊಟಕ್ಕೆ ಕೂತಾಗ, ಸಾಲಿನ ಕಡೆಯಲ್ಲಿ ಅವನ ಪಕ್ಕದ ಜಾಗ ಎಂದಿನಂತೆ ಖಾಲಿ ಇತ್ತು. ಅಣ್ಣ ಕೂರುತ್ತಿದ್ದ ಜಾಗವೆಂದು ಯಾರೂ ಕೂರುತ್ತಿರಲಿಲ್ಲ. ಅದು ಗೌರವವೋ ಮರೆವೋ ಅವನಿಗೆ ಬಗೆಹರಿದಿರಲಿಲ್ಲ.

ಅಣ್ಣ ಬಂದ. ಕಂಪನಿಯ ವ್ಯಾನಿನಲ್ಲಿ, ಕಂಪನಿಯ ನೀಲಿ ಅಂಗಿಯಲ್ಲಿ. ಸ್ವಲ್ಪ ಮೈ ಬಂದಿತ್ತು. ಬಂದವನೇ ತಮ್ಮನ ತಲೆಗೆ ಒಂದು ಮೊಟಕು ಕೊಟ್ಟು, ಆಮೇಲೆ ಸಿಗೋಣ ಎಂದು ಯಂತ್ರದ ಹೊಟ್ಟೆಯೊಳಗೆ ತಲೆ ತೂರಿಸಿದ. ಬಾಲ ಇಡೀ ದಿನ ತನ್ನ ಮೇಜಿನಿಂದ ಅವನ ಬೆನ್ನು ನೋಡಿದ. ಬೆವರು ಇಳಿಯುವ ರೀತಿ ಬದಲಾಗಿರಲಿಲ್ಲ. ಆ ದಿನ ಒಂದು ಅಟ್ಟಿ ಪೆಟ್ಟಿಗೆಗಳ ಮೇಲೆ ಬಾಣ ಕೆಳಮುಖವಾಗಿ ಬಿತ್ತು. ಮೇಸ್ತ್ರಿ ಕೂಗಾಡಿದ. ಬಾಲನಿಗೆ ಬೈಗುಳವೂ ಬೇರೆಯವರಿಗೆ ಬಂದ ಪತ್ರ ಓದಿದಂತೆ ಕೇಳಿಸಿತು.

ಸಂಜೆ ಕೆಲಸ ಮುಗಿದಾಗ ಬಾಲ ಸೈಕಲ್ಲನ್ನು ಅಂಗಳದ ನಡುವೆ ತಂದು ನಿಲ್ಲಿಸಿದ. ಅಣ್ಣ ಕೈಯ ಗ್ರೀಸು ಒರೆಸಿಕೊಳ್ಳುತ್ತ ಹೊರಗೆ ಬಂದು, ಅದನ್ನು ಕಂಡು ನಿಂತುಬಿಟ್ಟ. ಸುತ್ತ ಒಂದು ಬಾರಿ ನಡೆದ. ಟೈರು ಒತ್ತಿದ, ಬೆಲ್ಲು ಬಾರಿಸಿದ, ಡೈನಮೋ ಕಂಡು ನಕ್ಕ. ಎಷ್ಟು ಚೆನ್ನಾಗಿ ಮಾಡಿಸಿದ್ದೀಯೋ, ಅಪ್ಪ ನೋಡಬೇಕಿತ್ತು ಎಂದ. ಅಲ್ಲಿಯವರೆಗೆ ಎಲ್ಲ ಬಾಲ ಅಂದುಕೊಂಡಂತೆಯೇ ಇತ್ತು. ಅಣ್ಣನ ಕೈ ಸೀಟಿನ ಮೇಲೆ ಬಂದು ನಿಂತಿತು.

"ಇದೇನೋ ಇಷ್ಟೆತ್ತರ? ಕಾಲು ಸಿಗುತ್ತೇನೋ ನಿಂಗೆ?"

ಅಣ್ಣನಿಗೆ ಅದು ತನ್ನ ಎತ್ತರ ಎಂಬ ನೆನಪೇ ಇರಲಿಲ್ಲ. ಇವನಿಗೆ ಏನೂ ಬರುವುದಿಲ್ಲ, ಎಲ್ಲ ನಾನೇ ಮಾಡಬೇಕು ಎಂಬ ಹಳೆಯ ಪ್ರೀತಿಯಿಂದ ಅಣ್ಣ ವ್ಯಾನಿನಿಂದ ಸ್ಪ್ಯಾನರು ತಂದ. ತಮ್ಮನನ್ನು ಪಕ್ಕದಲ್ಲಿ ನೆಟ್ಟಗೆ ನಿಲ್ಲಿಸಿ, ಸೊಂಟದ ಮೂಳೆಗೆ ಅಂಗೈ ಇಟ್ಟು ಅಳತೆ ನೋಡಿದ. ಬೋಲ್ಟು ಸಡಿಲಿಸಿ, ಸೀಟಿನ ಮೇಲೆ ಎರಡು ಗುದ್ದು ಹಾಕಿದ. ಕಂಬ ಕೀರಲು ದನಿ ಮಾಡುತ್ತ ಇಳಿಯಿತು. ತುಕ್ಕಿನ ಗೆರೆ ಕೊಳವೆಯ ಬಾಯಿಗೆ ಬಂತು, ಒಳಗೆ ಹೋಯಿತು. ಅಣ್ಣ ಬೋಲ್ಟನ್ನು ಬಿಗಿದ, ಇನ್ನು ಅಲ್ಲಾಡುವುದಿಲ್ಲ ಎನ್ನುವಷ್ಟು ಬಿಗಿದ.

"ಒಂದು ರೌಂಡು ಅಂದಿದ್ಯಲ್ಲಣ್ಣ," ಎಂದ ಬಾಲ.

"ಹೂಂ, ಹೊಡಿ ಹೊಡಿ. ನೋಡೋಣ ಹೆಂಗೆ ಓಡುತ್ತೆ."

ವ್ಯಾನಿನ ಡ್ರೈವರ್ ಎಂಜಿನ್ ಶುರು ಮಾಡಿದ್ದ. ಬಾಲ ಕ್ಯಾರಿಯರ್ ನೋಡಿದ, ಅಣ್ಣನನ್ನು ನೋಡಿದ, ಹತ್ತಿದ. ಕಾಲು ಪೆಡಲಿಗೆ ಸರಿಯಾಗಿ ಕೂತಿತು. ರದ್ದಿ ಕಾಗದದ ಗುಡ್ಡೆಯನ್ನು ಸುತ್ತಿ ಅಂಗಳದ ಒಂದು ಸುತ್ತು. ಬೆನ್ನಿನ ಮೇಲೆ ಏನೋ ಬೆಚ್ಚಗೆ ಅನಿಸಿತು. ಅಣ್ಣ ತನ್ನ ಬೆನ್ನನ್ನು ನೋಡುತ್ತಿರುವುದು ಹುಟ್ಟಿದಾಗಿನಿಂದ ಇದೇ ಮೊದಲು ಎಂದು ಹೊಳೆದು, ಬೆನ್ನು ನೆಟ್ಟಗೆ ಮಾಡಿದ. ಗುಡ್ಡೆಯ ಆಚೆ ಬದಿಯಿಂದ ತಿರುಗಿ ಬರುವಾಗ ಅಣ್ಣ ಫೋನಿನಲ್ಲಿದ್ದ. ಬರ್ತಿದ್ದೀನಿ, ಹೊರಟೆ, ಊಟ ಮಾಡಿಬಿಡು ಎನ್ನುತ್ತಿದ್ದ. ಒಂದು ಕೈ ಮೇಲೆತ್ತಿ, ಭೇಷ್ ಎನ್ನುವಂತೆ ಆಡಿಸಿದ.

ಹೊರಡುವಾಗ ಮೆತ್ತೆಯನ್ನು ತಟ್ಟಿದ. "ಇದ್ಯಾರಿಗೋ? ಬರೋ ದಾರೀಲಿ ಗಾಳಿಮಾವ ಸಿಕ್ಕಿ ಏನೇನೋ ಹೇಳ್ತಿದ್ದ."

"ಊಟದ ಡಬ್ಬಿಗೆ," ಎಂದ ಬಾಲ. "ಗುಂಡಿಲಿ ಕುಲುಕಿ ಸಾರೆಲ್ಲ ಚೆಲ್ಲುತ್ತೆ."

ಅಣ್ಣ ಹೊಟ್ಟೆ ಹಿಡಿದು ನಕ್ಕ. ನಿನ್ನ ಬುದ್ಧಿ ಯಾರಿಗೂ ಬರೋದಿಲ್ಲ ಬಿಡು, ಅತ್ತಿಗೆಗೆ ಹೇಳಬೇಕು ಇದನ್ನ ಎಂದ. ತಲೆಗೆ ಇನ್ನೊಂದು ಮೊಟಕು ಕೊಟ್ಟು ವ್ಯಾನು ಹತ್ತಿದ. ವ್ಯಾನಿನ ಹಿಂದಿನ ಕಿಟಕಿಯಲ್ಲಿ ನೀಲಿ ಅಂಗಿಯ ಬೆನ್ನು ಕಾಣಿಸಿತು. ಬಾಲ ಅದನ್ನು ಗೇಟು ದಾಟುವವರೆಗೆ ನೋಡಿದ. ಆ ವಿದ್ಯೆಯೊಂದು ಚೆನ್ನಾಗಿ ಬರುತ್ತಿತ್ತು.

ಆಡಿದ ಸುಳ್ಳನ್ನು ಬೀಳಿಸಬಾರದೆಂದು ಊಟ ಮುಗಿದು ಚಮಚವೊಂದೇ ಉಳಿದಿದ್ದ ಡಬ್ಬಿಯನ್ನು ಮೆತ್ತೆಯ ಮೇಲಿಟ್ಟು ಬೆಲ್ಟು ಬಿಗಿದ. ಮಬ್ಬು ಕವಿದಿತ್ತು. ಡೈನಮೋವನ್ನು ತಟ್ಟಲು ಹಿಂದೆ ಯಾರೂ ಇರಲಿಲ್ಲವಾದ್ದರಿಂದ ಇಳಿದು, ಕೈಯಿಂದ ಟೈರಿಗೆ ಒರಗಿಸಿ, ಮತ್ತೆ ಹತ್ತಿದ. ಮುಂದೆ ರಸ್ತೆಯ ಮೇಲೆ ಹಳದಿ ಬೆಳಕಿನ ವೃತ್ತವೊಂದು ಬಿತ್ತು. ಇಷ್ಟು ವರ್ಷ ಆ ಬೆಳಕು ಅಣ್ಣನ ಮೈಯ ಆಚೆಗಿತ್ತು. ಗುಂಡಿಗಳು ಬರುವ ಮುಂಚೆಯೇ ಕಂಡವು. ಸೀಟು ಹಿತವಾಗಿತ್ತು. ಅಷ್ಟು ಹಿತವಾಗಿರಬಾರದಿತ್ತು.

ಆದರೆ ಆ ಸದ್ದು ಕೇಳಿಸಲಿಲ್ಲ. ಡೈನಮೋ ಕೆಟ್ಟಿದೆಯೇನೋ ಎಂದುಕೊಂಡ, ಬೆಳಕಂತೂ ಬೀಳುತ್ತಿತ್ತು. ಮುಂದಿನ ಸೀಟಿನಲ್ಲಿ ಕಿವಿಗೆ ಬರುವುದು ಗಾಳಿ ಒಂದೇ. ಗುಂಯ್‌ಗುಡುವುದೆಲ್ಲ ಹಿಂದೆ ಕೂತವನಿಗೆ. ಅಣ್ಣ ಅದನ್ನು ಎಂದೂ ಕೇಳಿಯೇ ಇರಲಿಲ್ಲವೇನೋ. ಅವರಿಬ್ಬರ ಆ ಮಾತುಕತೆಯಲ್ಲಿ ಇದ್ದವನು ತಾನೊಬ್ಬನೇ ಇರಬಹುದು.

ಬಾಲ ತುಳಿಯುವುದನ್ನು ನಿಧಾನ ಮಾಡಿದ. ಗಾಳಿ ತಗ್ಗಿತು. ಹಿಂದಿನಿಂದ ಸಣ್ಣಗೆ ಗೊಣಗು ಎದ್ದಿತು, ಬೇಕೋ ಬೇಡವೋ ಎನ್ನುವಂತೆ. ಕಿವಿಗೊಟ್ಟ. ನಿಧಾನವಾದಂತೆಲ್ಲ ಮುಂದಿನ ಬೆಳಕು ಕೆಂಪಗಾಗಿ, ಮಂಕಾಗಿ, ರಸ್ತೆಯನ್ನು ಬಿಟ್ಟುಕೊಟ್ಟಿತು. ಏರು ಶುರುವಾಗುವ ಜಾಗ ಅದು. ಒಂದಷ್ಟು ದೂರ ಕತ್ತಲಲ್ಲೇ ಅದನ್ನು ಕೇಳಿಕೊಂಡು ಹೋದ. ಎದುರಿಗೆ ಯಾವುದೋ ಗಾಡಿ ಬಂತು, ಬೆಲ್ಲು ಎಡಕ್ಕಿದೆಯೋ ಬಲಕ್ಕಿದೆಯೋ ಎಂದು ತಡಕಾಡಿದ, ಸಿಕ್ಕಿತು. ಆಮೇಲೆ ಸೀಟಿನಿಂದ ಎದ್ದು ನಿಂತು, ಅಣ್ಣ ಏರಿನಲ್ಲಿ ತುಳಿಯುತ್ತಿದ್ದ ಹಾಗೆ, ಜೋರಾಗಿ ತುಳಿದ. ಬೆಳಕು ಬಂತು. ಹಿಂದೆ ಮೆತ್ತೆಯ ಮೇಲೆ ಡಬ್ಬಿಯೊಳಗಿನ ಚಮಚ ಒಂದೇ ಸಮನೆ ಸದ್ದು ಮಾಡುತ್ತಿತ್ತು.